ಲಿಂಕ್ ಸಿಕ್ಕವರೆಲ್ಲ ನೌಕರರಲ್ಲ

ಕಂಪನಿಗಳ ಐಟಿ ಆಡಳಿತಗಾರರಿಗೆ, ಮಾನವ ಸಂಪನ್ಮೂಲ ಅಧಿಕಾರಿಗಳಿಗೆ ಮತ್ತು ಆಂತರಿಕ ಸಂವಹನ ವಿಭಾಗದ ಎಲ್ಲರಿಗೆ,

ಸಾವಿರಾರು ನೌಕರರು ಏಕಕಾಲಕ್ಕೆ ಸೇರುವ ಆನ್‌ಲೈನ್ ಸಭೆಗೆ ಕಂಪನಿಗಳಲ್ಲಿ ಟೌನ್‌ಹಾಲ್ ಅಥವಾ ಆಲ್‌ಹ್ಯಾಂಡ್ಸ್ ಎಂಬ ಹೆಸರು ನಿಂತಿದೆ. ತ್ರೈಮಾಸಿಕದ ಲೆಕ್ಕ, ಕೈತಪ್ಪಿದ ಗುತ್ತಿಗೆ, ಹೊಸ ಉತ್ಪನ್ನದ ದಿನಾಂಕ, ಸಂಬಳ ಏರಿಕೆಯ ಪ್ರಮಾಣ, ವಿಲೀನದ ಮಾತುಕತೆ, ಕೆಲಸದಿಂದ ತೆಗೆಯುವ ನಿರ್ಧಾರ ಹೀಗೆ ಹೊರಗಿನವರಿಗಿಂತ ಮೊದಲು ಒಳಗಿನವರಿಗೆ ತಿಳಿಯಬೇಕಾದ ಸಂಗತಿಗಳೆಲ್ಲ ಅಲ್ಲಿ ಬರುತ್ತವೆ. ನೌಕರರು ಪ್ರಶ್ನೆ ಕೇಳುತ್ತಾರೆ, ಕೆಲವೊಮ್ಮೆ ಕಟುವಾಗಿಯೇ ಕೇಳುತ್ತಾರೆ. ತಮ್ಮವರ ನಡುವೆ ಇದ್ದೇವೆ ಎಂಬ ನಂಬಿಕೆಯ ಮೇಲೆ ಇದೆಲ್ಲ ನಡೆಯುತ್ತದೆ. ಆ ನಂಬಿಕೆಗೆ ಆಧಾರ ಬೇಕು. ಅನೇಕ ಕಂಪನಿಗಳಲ್ಲಿ ಸದ್ಯಕ್ಕಿರುವ ಆಧಾರವೆಂದರೆ ಇಮೇಲ್‌ನಲ್ಲಿ ಬಂದ ಒಂದು ಲಿಂಕ್ ಮಾತ್ರ.

ಹತ್ತು ಜನರ ತಂಡದ ಮೀಟಿಂಗ್‌ನಲ್ಲಿ ಅಪರಿಚಿತ ಹೆಸರೊಂದು ಕಂಡರೆ ಯಾರಾದರೂ ವಿಚಾರಿಸುತ್ತಾರೆ. ಐದು ಸಾವಿರ ಜನರ ಸಭೆಯಲ್ಲಿ ವಿಚಾರಿಸುವವರಿಲ್ಲ. ದೊಡ್ಡ ಮದುವೆಮನೆಯಲ್ಲಿ ಗುರುತಿಲ್ಲದವನನ್ನು ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ ತಿಳಿದು ಎಲೆ ಹಾಕಿಸುವಂತೆ, ಬೆಂಗಳೂರಿನ ಕಚೇರಿಯವರು ಆತ ಪುಣೆಯವನಿರಬೇಕು ಎಂದುಕೊಳ್ಳುತ್ತಾರೆ, ಪುಣೆಯವರು ಬೆಂಗಳೂರಿನವನಿರಬೇಕು ಎಂದುಕೊಳ್ಳುತ್ತಾರೆ. ಸಭೆ ದೊಡ್ಡದಾದಷ್ಟೂ ಮನುಷ್ಯರ ಕಣ್ಗಾವಲು ಸೋಲುತ್ತದೆ. ಆ ಕೆಲಸವನ್ನು ವ್ಯವಸ್ಥೆಯೇ ಮಾಡಬೇಕು.

ಸಭೆಯ ಸಂಖ್ಯೆ ಮತ್ತು ಪಿನ್ ಗೊತ್ತಿದ್ದವರಿಗೆಲ್ಲ ಬಾಗಿಲು ತೆರೆಯುವ ಪದ್ಧತಿ ವಿಡಿಯೋ ಸಭೆಗಳಿಗಿಂತ ಹಳೆಯದು. ದೂರವಾಣಿ ಕಾನ್ಫರೆನ್ಸ್ ಕಾಲದಿಂದ ಅದು ಬಂದಿದೆ, ಅದರ ದೌರ್ಬಲ್ಯವೂ ಅಂದಿನಿಂದಲೇ ಗೊತ್ತಿದೆ. 2012ರ ಜನವರಿಯಲ್ಲಿ ಅಮೆರಿಕದ ಎಫ್‌ಬಿಐ ಮತ್ತು ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್ ಅಧಿಕಾರಿಗಳು ಹ್ಯಾಕರ್‌ಗಳ ತನಿಖೆಯ ಬಗ್ಗೆ ಕಾನ್ಫರೆನ್ಸ್ ಕರೆಯಲ್ಲಿ ಮಾತನಾಡಿದರು. ಅದೇ ಹ್ಯಾಕರ್ ವಲಯದ ಅನಾನಿಮಸ್ ಗುಂಪು ಆ ಕರೆಯನ್ನು ಪೂರ್ತಿ ಕೇಳಿಸಿಕೊಂಡು, ಫೆಬ್ರುವರಿ ಮೊದಲ ವಾರದಲ್ಲಿ ಧ್ವನಿಮುದ್ರಣವನ್ನೇ ಪ್ರಕಟಿಸಿತು. ದೂರವಾಣಿ ಜಾಲವನ್ನು ಯಾರೂ ಭೇದಿಸಿರಲಿಲ್ಲ. ಕರೆಯ ಆಹ್ವಾನ ಹಲವು ದೇಶಗಳ ಪೊಲೀಸರಿಗೆ ಹೋಗಿತ್ತು. ಐರ್ಲೆಂಡಿನ ಅಧಿಕಾರಿಯೊಬ್ಬರು ಅದನ್ನು ತಮ್ಮ ಖಾಸಗಿ ಇಮೇಲ್‌ಗೆ ಕಳಿಸಿಕೊಂಡಿದ್ದರು, ಆ ಇಮೇಲ್ ಮೊದಲೇ ಹ್ಯಾಕರ್ ಕೈಸೇರಿತ್ತು. ಪೊಲೀಸರಿಗೇ ಆದದ್ದು ಸಾಫ್ಟ್‌ವೇರ್ ಕಂಪನಿಯ ನೌಕರನಿಗೆ ಆಗುವುದು ಇನ್ನೂ ಸುಲಭ. ಕ್ಲೈಂಟ್ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಸ್ವಂತ ಕಂಪನಿಯ ಮೇಲ್ ತೆರೆಯುವುದಿಲ್ಲ, ಹಾಗಾಗಿ ಲಿಂಕ್ ಜಿಮೇಲ್‌ಗೆ ಹೋಗುತ್ತದೆ. ಒಟ್ಟಿಗೆ ಕೆಲಸಕ್ಕೆ ಸೇರಿದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಅದನ್ನು ಹಾಕುತ್ತಾರೆ, ಆ ಗುಂಪಿನ ಅರ್ಧ ಜನ ಆಗಲೇ ಬೇರೆ ಕಂಪನಿ ಸೇರಿರುತ್ತಾರೆ. ಇಲ್ಲಿ ದುರುದ್ದೇಶ ಯಾರಿಗೂ ಇರುವುದಿಲ್ಲ. ಆದರೂ ಲಿಂಕ್ ಹೊರಗೆ ಹೋಗಿರುತ್ತದೆ.

2020ರ ಲಾಕ್‌ಡೌನ್ ಈ ಹಳೆಯ ದೌರ್ಬಲ್ಯವನ್ನು ಜಗತ್ತಿನ ಮನೆಮನೆಗೆ ತಂದಿತು. 2019ರ ಡಿಸೆಂಬರ್‌ನಲ್ಲಿ ದಿನಕ್ಕೆ ಹೆಚ್ಚೆಂದರೆ 1 ಕೋಟಿಯಷ್ಟಿದ್ದ ಝೂಮ್ ಸಭೆಗಳ ಹಾಜರಿ 2020ರ ಮಾರ್ಚ್‌ನಲ್ಲಿ 20 ಕೋಟಿ ದಾಟಿತು. ಅದರ ಬೆನ್ನಿಗೇ ಅಪರಿಚಿತರು ತರಗತಿ, ಪ್ರಾರ್ಥನೆ, ಕಚೇರಿ ಸಭೆಗಳಿಗೆ ನುಗ್ಗಿ ಅಶ್ಲೀಲ ದೃಶ್ಯ ತೋರಿಸುವ, ಜನಾಂಗೀಯ ನಿಂದನೆ ಮಾಡುವ ಪಿಡುಗು ಹಬ್ಬಿತು. ಅದಕ್ಕೆ ಝೂಮ್‌ಬಾಂಬಿಂಗ್ ಎಂಬ ಹೆಸರೂ ಬಿತ್ತು. ಮಾರ್ಚ್ 30ರಂದು ಎಫ್‌ಬಿಐನ ಬಾಸ್ಟನ್ ಕಚೇರಿ ಎಚ್ಚರಿಕೆ ಹೊರಡಿಸಿತು. ಏಪ್ರಿಲ್‌ನಲ್ಲಿ ಭಾರತದ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ಝೂಮ್ ಸುರಕ್ಷಿತ ವೇದಿಕೆಯಲ್ಲ ಎಂದು ಹೇಳಿ, ಪ್ರತಿ ಸಭೆಗೂ ಹೊಸ ಐಡಿ ಮತ್ತು ಪಾಸ್‌ವರ್ಡ್, ವೇಟಿಂಗ್ ರೂಮ್, ಹೋಸ್ಟ್‌ಗೆ ಮಾತ್ರ ಸ್ಕ್ರೀನ್ ಶೇರ್ ಮುಂತಾದ ಕ್ರಮಗಳನ್ನು ಸೂಚಿಸಿತು. ಅದಕ್ಕೂ ಮೊದಲು, 2020ರ ಜನವರಿಯಲ್ಲಿ, ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಒಂದು ಆತಂಕದ ಸಂಗತಿ ತಿಳಿಸಿದ್ದರು: ಅಂದಾಜಿನ ಮೇಲೆ ಹುಟ್ಟಿಸಿದ ಸಭಾ ಸಂಖ್ಯೆಗಳಲ್ಲಿ ಶೇಕಡಾ 4ರಷ್ಟು ನಿಜವಾದ ಸಭೆಗಳವೇ ಆಗಿದ್ದವು. ಅಂದರೆ ಲಿಂಕ್ ಸೋರಬೇಕೆಂದೂ ಇರಲಿಲ್ಲ, ಊಹಿಸಿದರೂ ಸಾಕಿತ್ತು.

ಕರ್ನಾಟಕ ಇದನ್ನು ಕಹಿಯಾಗಿಯೇ ಕಂಡಿದೆ. 2023ರ ಡಿಸೆಂಬರ್ ಮೊದಲ ವಾರದಲ್ಲಿ ರಾಜ್ಯ ಹೈಕೋರ್ಟಿನ ವಿಡಿಯೋ ಕಲಾಪಕ್ಕೆ ಸೇರಿಕೊಂಡ ದುಷ್ಕರ್ಮಿಗಳು ಅಶ್ಲೀಲ ದೃಶ್ಯಗಳನ್ನು ತೆರೆಗೆ ತಂದರು. ನ್ಯಾಯಾಲಯ ನೇರಪ್ರಸಾರವನ್ನೂ ವಿಡಿಯೋ ಕಲಾಪವನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆದರೆ ನ್ಯಾಯಾಲಯದ ಇಕ್ಕಟ್ಟು ಬೇರೆಯದು. ಅದರ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕು, ಯಾವುದೋ ಊರಿನ ಕಕ್ಷಿದಾರನಿಗೂ ವಕೀಲನಿಗೂ ಲಿಂಕ್ ಸಿಗುವಂತಿರಬೇಕು. ಮುಕ್ತತೆಯನ್ನೂ ಶಿಸ್ತನ್ನೂ ಅದು ಒಟ್ಟಿಗೆ ಕಾಯಬೇಕು. ಕಂಪನಿಯ ಟೌನ್‌ಹಾಲ್‌ಗೆ ಅಂಥ ಕರ್ತವ್ಯವಿಲ್ಲ. ಒಳಬರಬೇಕಾದವರ ಪಟ್ಟಿ ಕಂಪನಿಯ ಬಳಿಯೇ, ಸಂಬಳ ಕೊಡುವ ವ್ಯವಸ್ಥೆಯಲ್ಲೇ ಇದೆ. ಪಟ್ಟಿ ಕೈಯಲ್ಲಿದ್ದೂ ಬಾಗಿಲಲ್ಲಿ ಅದನ್ನು ನೋಡದಿರುವುದಕ್ಕೆ ನೆಪವಿಲ್ಲ.

ಪಾಸ್‌ವರ್ಡ್ ಇಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಪಾಸ್‌ವರ್ಡ್ ಹೆಚ್ಚಾಗಿ ಲಿಂಕ್‌ನೊಳಗೇ ಅಡಗಿರುತ್ತದೆ, ಲಿಂಕ್ ಹೋದಲ್ಲಿಗೆ ಅದೂ ಹೋಗುತ್ತದೆ. 2020ರ ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ರಕ್ಷಣಾ ಸಚಿವೆ ಅಂಕ್ ಬೈಲೆವೆಲ್ಡ್ ಅವರ ಟ್ವಿಟರ್ ಖಾತೆಯಲ್ಲಿ ಒಂದು ಚಿತ್ರ ಬಂದಿತು. ಯುರೋಪಿಯನ್ ಒಕ್ಕೂಟದ ರಕ್ಷಣಾ ಸಚಿವರ ಗೋಪ್ಯ ಸಭೆಗೆ ಮನೆಯಿಂದ ಹಾಜರಾಗಿದ್ದ ಅವರ ಮೇಜಿನ ಮೇಲಿನ ತೆರೆಯಲ್ಲಿ ಆರು ಅಂಕಿಯ ಪಿನ್‌ನ ಐದು ಅಂಕಿಗಳು ಕಾಣುತ್ತಿದ್ದವು. ಆರನೆಯದನ್ನು ಊಹಿಸಲು ಪತ್ರಕರ್ತರೊಬ್ಬರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರು ನೇರ ಸಭೆಯ ಒಳಗೆ ಬಂದು ಕೈಬೀಸಿದರು. ಒಕ್ಕೂಟದ ವಿದೇಶಾಂಗ ಮುಖ್ಯಸ್ಥ ಜೋಸೆಪ್ ಬೊರೆಲ್ ಇದು ಅಪರಾಧವೆಂದು ಎಚ್ಚರಿಸಿದ ಮೇಲೆ ಅವರು ಹೊರಹೋದರು. ಆ ಪಿನ್ ಸರಿಯಾಗಿಯೇ ಕೆಲಸ ಮಾಡಿತ್ತು. ಒಳಗೆ ಬಂದವರು ಯಾರು ಎಂದು ಕೇಳುವುದು ಅದರ ಕೆಲಸವೇ ಆಗಿರಲಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಸಂಶೋಧನೆಯಿಂದ ಹೊರಬಂದಿದೆ. ಬಾಸ್ಟನ್ ವಿಶ್ವವಿದ್ಯಾಲಯ ಮತ್ತು ಬಿಂಗ್‌ಹ್ಯಾಂಟನ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಮೊದಲ ತಿಂಗಳುಗಳಲ್ಲಿ ಟ್ವಿಟರ್ ಮತ್ತು 4ಚಾನ್‌ಗಳಲ್ಲಿ ನಡೆದ, ಸಭೆಗಳಿಗೆ ನುಗ್ಗುವಂತೆ ಕರೆ ಕೊಡುವ ಮಾತುಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಬಹುಪಾಲು ಕರೆಗಳನ್ನು ಕೊಟ್ಟವರು ಸಭೆಗೆ ನ್ಯಾಯವಾಗಿ ಆಹ್ವಾನ ಪಡೆದಿದ್ದವರೇ, ಮುಖ್ಯವಾಗಿ ವಿದ್ಯಾರ್ಥಿಗಳು. ಲಿಂಕನ್ನೂ ಪಾಸ್‌ವರ್ಡನ್ನೂ ಹೊರಗೆ ಹಾಕಿದವರು ಒಳಗಿನವರು. ಬರುವವರಿಗೆ ಯಾವ ಹೆಸರಿಟ್ಟುಕೊಂಡರೆ ಅನುಮಾನ ಬಾರದು ಎಂದು ಕೂಡ ಕೆಲವರು ಹೇಳಿಕೊಟ್ಟಿದ್ದರು. ಎಲ್ಲರಿಗೂ ಒಂದೇ ಆಗಿರುವ ಯಾವ ರಹಸ್ಯವೂ ಇಂಥಲ್ಲಿ ನಿಲ್ಲುವುದಿಲ್ಲ, ಪ್ರತಿಯೊಬ್ಬರಿಗೂ ಬೇರೆಯೇ ಆದ ಪ್ರವೇಶ ಬೇಕು ಎಂಬುದು ಆ ಅಧ್ಯಯನದ ತೀರ್ಮಾನ. ಕಂಪನಿಯ ಸಭೆಗೆ ಇದನ್ನು ಅನ್ವಯಿಸಿದರೆ ಪ್ರತಿ ನೌಕರನೂ ತನ್ನದೇ ಖಾತೆಯಿಂದ ಲಾಗಿನ್ ಆಗಿ ಬರಬೇಕು ಎಂದಾಗುತ್ತದೆ.

ಗದ್ದಲ ಮಾಡುವ ಅತಿಥಿ ಮುಜುಗರ ತರುತ್ತಾನೆ, ಆದರೆ ಒಂದು ನಿಮಿಷದಲ್ಲಿ ಹೊರಹೋಗುತ್ತಾನೆ. ಮಾತಾಡದೆ ಕುಳಿತವನು ಹೆಚ್ಚು ಅಪಾಯಕಾರಿ. 2022ರ ಮಾರ್ಚ್‌ನಲ್ಲಿ ಲ್ಯಾಪ್ಸಸ್ ಎಂಬ ಸುಲಿಗೆ ಗುಂಪಿನ ಬಗ್ಗೆ ಮೈಕ್ರೋಸಾಫ್ಟ್ ವರದಿ ಪ್ರಕಟಿಸಿದಾಗ ಒಂದು ವಿವರ ಎದ್ದು ಕಂಡಿತು: ದಾಳಿಗೊಳಗಾದ ಕಂಪನಿಯು ದಾಳಿಯನ್ನು ಎದುರಿಸಲು ಕರೆದ ತುರ್ತು ಸಭೆಗಳಿಗೇ ಆ ಗುಂಪಿನವರು ಸೇರಿಕೊಳ್ಳುತ್ತಿದ್ದರು. 2023ರ ನವೆಂಬರ್‌ನಲ್ಲಿ ಎಫ್‌ಬಿಐ ಮತ್ತು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸ್ಕ್ಯಾಟರ್ಡ್ ಸ್ಪೈಡರ್ ಎಂಬ ಇನ್ನೊಂದು ಹ್ಯಾಕರ್ ಗುಂಪಿನ ಬಗ್ಗೆ ಹೊರಡಿಸಿದ ಎಚ್ಚರಿಕೆಯಲ್ಲೂ ಇದೇ ಮಾತಿತ್ತು. ತಮ್ಮನ್ನು ಹಿಡಿಯಲು ಏನು ಮಾಡುತ್ತಿದ್ದಾರೆ ಎಂಬುದನ್ನು ಅವರು ಅಲ್ಲೇ ಕುಳಿತು ಕೇಳಿ, ಮುಂದಿನ ಹೆಜ್ಜೆಯನ್ನು ಅದಕ್ಕೆ ತಕ್ಕಂತೆ ಇಡುತ್ತಿದ್ದರು. ನೂರಾರು ಜನರ ತುರ್ತು ಕರೆಯಲ್ಲಿ ಇನ್ನೊಂದು ಹೆಸರು ಯಾರ ಗಮನಕ್ಕೂ ಬರುವುದಿಲ್ಲ. ಹೆಸರೂ ಕಾಣದಂತೆ ಕೂರಬಹುದಾದ ದೋಷವೊಂದನ್ನು 2020ರ ನವೆಂಬರ್‌ನಲ್ಲಿ ಐಬಿಎಂ ಸಂಶೋಧಕರು ಸಿಸ್ಕೊ ಕಂಪನಿಯ ಸಭಾ ವೇದಿಕೆ ವೆಬೆಕ್ಸ್‌ನಲ್ಲಿ ಪತ್ತೆಹಚ್ಚಿದ್ದರು. ಸಿಸ್ಕೊ ಅದನ್ನು ಸರಿಪಡಿಸಿತು. ಹಾಜರಿ ಪಟ್ಟಿಯನ್ನು ಕಣ್ಣಲ್ಲಿ ನೋಡುವುದೇ ಕಾವಲು ಎಂದುಕೊಳ್ಳುವುದು ಎಷ್ಟು ದುರ್ಬಲ ಎಂಬುದಕ್ಕೆ ಅದೊಂದು ಸಾಕ್ಷಿ.

ಭಾರತದ ಕಾನೂನಿನ ಕಡೆಯಿಂದ ನೋಡಿದರೆ ವಿಷಯ ಇನ್ನಷ್ಟು ಗಂಭೀರ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯ ಟೌನ್‌ಹಾಲ್‌ನಲ್ಲಿ ಫಲಿತಾಂಶ, ವಿಲೀನ ಅಥವಾ ದೊಡ್ಡ ಗುತ್ತಿಗೆಯ ಮಾತು ಅಧಿಕೃತ ಪ್ರಕಟಣೆಗೆ ಮುಂಚೆ ಹೊರಬಂದರೆ, ಅದು ಸೆಬಿಯ 2015ರ ಒಳವ್ಯವಹಾರ ನಿಷೇಧ ನಿಯಮಗಳ ಪ್ರಕಾರ ಅಪ್ರಕಟಿತ ಬೆಲೆಸೂಕ್ಷ್ಮ ಮಾಹಿತಿ. ಅಂಥ ಮಾಹಿತಿ ಯಾರ ಯಾರ ಕೈಗೆ ಹೋಯಿತು ಎಂಬುದನ್ನು ಹೆಸರು ಮತ್ತು ಪ್ಯಾನ್ ಸಹಿತ ಡಿಜಿಟಲ್ ದಾಖಲೆಯಲ್ಲಿ ಇಡಬೇಕು ಎಂದು ಅದೇ ನಿಯಮಗಳು ಹೇಳುತ್ತವೆ. ಹಾಜರಿ ವರದಿಯಲ್ಲಿ "ಗೆಸ್ಟ್", "ಐಫೋನ್", "ಗ್ಯಾಲಕ್ಸಿ" ಎಂಬ ಹೆಸರುಗಳು ತುಂಬಿದ್ದರೆ ಆ ದಾಖಲೆ ಹೇಗೆ ಹುಟ್ಟೀತು? ಬೆಲೆಸೂಕ್ಷ್ಮ ಮಾಹಿತಿಯನ್ನು ಟೌನ್‌ಹಾಲ್‌ಗೆ ತರದಿರುವುದೇ ಮೇಲು. ಆದರೆ ಪ್ರಶ್ನೋತ್ತರದ ಬಿಸಿಯಲ್ಲಿ ಯಾರ ಬಾಯಿಂದ ಏನು ಜಾರುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮುಗಳು ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ದುರುದ್ದೇಶದಿಂದ ಪ್ರವೇಶಿಸುವುದಕ್ಕೆ 3 ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತವೆ. ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಲಿಂಕ್ ಇದ್ದ ಯಾರಿಗಾದರೂ ತೆರೆದುಕೊಳ್ಳುವ ಸಭೆಗೆ ಬಂದವನು ಅನುಮತಿಯಿಲ್ಲದೆ ಬಂದ ಎಂದು ಸಾಧಿಸುವುದು ಕಷ್ಟ. ಲಾಗಿನ್ ಕೇಳುವ ಬಾಗಿಲನ್ನು ಮೋಸದಿಂದ ದಾಟಿದವನ ಮೇಲೆ ದೂರು ಗಟ್ಟಿಯಾಗಿ ನಿಲ್ಲುತ್ತದೆ.

ವಿಚಿತ್ರವೆಂದರೆ ಈ ಶಿಸ್ತು ಕಂಪನಿಗಳಿಗೆ ಹೊಸದಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2020ರ ಏಪ್ರಿಲ್ ಮತ್ತು ಮೇ ತಿಂಗಳ ಸುತ್ತೋಲೆಗಳಲ್ಲಿ ಷೇರುದಾರರ ಸಭೆಗಳನ್ನು ವಿಡಿಯೋ ಮೂಲಕ ನಡೆಸಲು ಅವಕಾಶ ಕೊಟ್ಟಿತು. ಅಂದಿನಿಂದ ನೋಂದಾಯಿತ ಕಂಪನಿಗಳ ವಾರ್ಷಿಕ ಸಭೆಗೆ ಬರುವ ಷೇರುದಾರರು ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್‌ನಂಥ ಇ-ಮತದಾನ ವೇದಿಕೆಗಳಲ್ಲಿ ಡಿಮ್ಯಾಟ್ ಖಾತೆಯ ಗುರುತು ಕೊಟ್ಟು ಲಾಗಿನ್ ಆಗುತ್ತಾರೆ. ಒಂದೇ ಒಂದು ಷೇರು ಇಟ್ಟುಕೊಂಡವರೂ ಗುರುತು ತೋರಿಸಿಯೇ ಒಳಬರುತ್ತಾರೆ. ಹೊರಗಿನವರು ಕೇಳಿದರೂ ನಡೆಯುವ ಸಭೆಗೆ ಇಷ್ಟು ಕಟ್ಟುಪಾಡು, ಹೊರಗಿನವರು ಕೇಳಲೇಬಾರದ ಸಭೆಗೆ ಬರೀ ಲಿಂಕ್ ಎಂಬ ಸ್ಥಿತಿ ತಲೆಕೆಳಗಾದದ್ದು.

ದೃಢೀಕರಣದ ಯಂತ್ರಾಂಗ ಈಗಾಗಲೇ ಮಧ್ಯಮ ಗಾತ್ರದ ಅನೇಕ ಕಂಪನಿಗಳಲ್ಲೂ ಇದೆ. ನೌಕರ ಸೇರಿದ ದಿನ ಎಚ್‌ಆರ್ ವ್ಯವಸ್ಥೆಯಲ್ಲಿ ಅವನ ದಾಖಲೆ ಹುಟ್ಟುತ್ತದೆ. ಅದರಿಂದ ಕಂಪನಿಯ ಖಾತೆಗಳ ಪಟ್ಟಿಯಾದ ಡೈರೆಕ್ಟರಿಯಲ್ಲಿ ಖಾತೆ ಹುಟ್ಟುತ್ತದೆ. ಮೇಲ್, ರಜೆ, ಸಂಬಳದ ಚೀಟಿ ಎಲ್ಲಕ್ಕೂ ಅದೇ ಖಾತೆಯ ಒಂದೇ ಲಾಗಿನ್ ಸಾಕು. ಇದನ್ನೇ ಸಿಂಗಲ್ ಸೈನ್-ಆನ್ ಎನ್ನುವುದು. 2005ರಲ್ಲಿ ರೂಪುಗೊಂಡ ಸ್ಯಾಮ್ಲ್ 2.0, 2014ರ ಓಪನ್‌ಐಡಿ ಕನೆಕ್ಟ್ ಎಂಬ ಮಾನದಂಡಗಳು ಇದರ ಬೆನ್ನೆಲುಬು. ಸಭೆಯ ವೇದಿಕೆ ಪಾಸ್‌ವರ್ಡ್ ಕೇಳುವ ಬದಲು ಕಂಪನಿಯ ಡೈರೆಕ್ಟರಿಯನ್ನೇ ಕೇಳುತ್ತದೆ. ಡೈರೆಕ್ಟರಿ ನೌಕರನ ಗುರುತು ಪರೀಕ್ಷಿಸಿ, ಫೋನಿನಲ್ಲಿ ಎರಡನೆಯ ದೃಢೀಕರಣವನ್ನೂ ಪಡೆದು, ಸಹಿ ಮಾಡಿದ ಉತ್ತರ ಕಳಿಸುತ್ತದೆ. ತೆರೆಯ ಮೇಲೆ ಕಾಣುವ ಹೆಸರೂ ಡೈರೆಕ್ಟರಿಯಿಂದಲೇ ಬರುವುದರಿಂದ ಇನ್ನೊಬ್ಬರ ಹೆಸರಿನಲ್ಲಿ ಕೂರುವುದು ಕಷ್ಟ. ನೌಕರ ಬಿಟ್ಟುಹೋದ ಸಂಜೆ ಖಾತೆ ಮುಚ್ಚಿದರೆ ಮರುದಿನದ ಟೌನ್‌ಹಾಲ್ ಅವನಿಗೆ ತಾನಾಗಿಯೇ ಮುಚ್ಚುತ್ತದೆ. ಹಳೆಯ ಲಿಂಕ್ ಅವನ ಬಳಿ ಇದ್ದರೂ ಉಪಯೋಗಕ್ಕೆ ಬಾರದು.

ತೊಡಕು ಇರುವುದು ಸೆಟ್ಟಿಂಗ್‌ಗಳ ಸೂಕ್ಷ್ಮದಲ್ಲಿ. ಇಲ್ಲಿ ಆಡಳಿತಗಾರರು ನಿಧಾನಿಸಿ ಓದಬೇಕು. ಝೂಮ್‌ನಲ್ಲಿ ದೃಢೀಕೃತ ಬಳಕೆದಾರರಿಗೆ ಮಾತ್ರ ಪ್ರವೇಶ ಎಂಬ ಆಯ್ಕೆ ಇದೆ. ಅದರ ಒಂದು ರೂಪದಲ್ಲಿ ಯಾವುದಾದರೂ ಝೂಮ್ ಖಾತೆ ಇದ್ದರೆ ಸಾಕು. ಎರಡು ನಿಮಿಷದಲ್ಲಿ ಉಚಿತವಾಗಿ ತೆರೆದ ಖಾತೆಯೂ ಆದೀತು. ನಿಗದಿತ ಡೊಮೇನಿನ ಖಾತೆಗಳಿಗೆ, ಅಥವಾ ಕಂಪನಿಯ ಸೈನ್-ಆನ್ ಮೂಲಕ ಬಂದವರಿಗೆ ಮಾತ್ರ ಎಂಬ ರೂಪವನ್ನು ಆರಿಸದಿದ್ದರೆ ದೃಢೀಕರಣ ಎಂಬ ಹೆಸರಷ್ಟೇ ಉಳಿಯುತ್ತದೆ. ಟೀಮ್ಸ್‌ನಲ್ಲಿ "ಸಂಸ್ಥೆಯವರು" ಮತ್ತು "ಸಂಸ್ಥೆಯವರು ಹಾಗೂ ಅತಿಥಿಗಳು" ಎಂಬ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲಿವೆ. ಯಾವುದೋ ಹಳೆಯ ಯೋಜನೆಗೆಂದು ಸೇರಿಸಿ ಮರೆತ ಅತಿಥಿ ಖಾತೆಗಳು ಡೈರೆಕ್ಟರಿಯಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ, ಎರಡನೆಯ ಆಯ್ಕೆ ಅವರೆಲ್ಲರನ್ನೂ ಒಳಗೆ ಬಿಡುತ್ತದೆ. ಗೂಗಲ್ ಮೀಟ್‌ನಲ್ಲಿ ಮುಕ್ತ, ವಿಶ್ವಾಸಾರ್ಹ, ನಿರ್ಬಂಧಿತ ಎಂಬ ಮೂರು ಹಂತಗಳಿವೆ, ಸಂಸ್ಥೆಯ ಒಳಗಿನವರಿಗೆ ಮಾತ್ರ ನೇರಪ್ರಸಾರ ಮಾಡುವ ಸೌಲಭ್ಯವೂ ಕೆಲವು ಆವೃತ್ತಿಗಳಲ್ಲಿದೆ.

ನೋಂದಣಿ ಪುಟವನ್ನು ದೃಢೀಕರಣವೆಂದು ತಿಳಿಯುವುದು ಬಲು ಸಾಮಾನ್ಯವಾದ ತಪ್ಪು. ಕಂಪನಿಯ ಇಮೇಲ್ ವಿಳಾಸ ಬರೆಯಿರಿ ಎಂದು ಫಾರ್ಮ್ ಕೇಳುತ್ತದೆ. ಯಾರು ಯಾರ ವಿಳಾಸವನ್ನಾದರೂ ಬರೆಯಬಹುದು. ಸೇರುವ ಲಿಂಕ್ ಅದೇ ಪುಟದಲ್ಲಿ ತಕ್ಷಣ ಕಾಣಿಸಿದರೆ ಆ ವಿಳಾಸ ಬರೆದವರದೇ ಎಂದು ಯಾರೂ ಪರೀಕ್ಷಿಸಲಿಲ್ಲ ಎಂದೇ ಅರ್ಥ. ಇಡೀ ಡೊಮೇನಿಗೆ ಬಾಗಿಲು ತೆರೆಯುವುದು ಕೂಡ ಎಲ್ಲ ಸಭೆಗಳಿಗೂ ಸರಿಹೋಗದು. ಅದೇ ಡೊಮೇನಿನ ವಿಳಾಸ ವೆಂಡರ್‌ಗಳಿಗೂ ತರಬೇತಿಯವರಿಗೂ ಕೊಟ್ಟಿರಬಹುದು. ಕಾಯಂ ನೌಕರರು, ಗುತ್ತಿಗೆಯವರು, ಒಂದು ದೇಶದವರು ಎಂದು ಎಚ್‌ಆರ್ ದಾಖಲೆಯಿಂದ ತಾವಾಗಿಯೇ ರೂಪುಗೊಳ್ಳುವ ಗುಂಪುಗಳಿದ್ದು, ಸಭೆಯ ಸ್ವರೂಪ ನೋಡಿ ಗುಂಪನ್ನು ಆರಿಸುವುದು ಸರಿಯಾದ ದಾರಿ. ಕೈಯಿಂದ ತಯಾರಿಸಿದ ಪಟ್ಟಿ ಎರಡು ತಿಂಗಳಲ್ಲಿ ಹಳಸುತ್ತದೆ.

ಲಾಬಿ ಅಥವಾ ವೇಟಿಂಗ್ ರೂಮಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಬಿಡುವ ಕ್ರಮ ಮೂವತ್ತು ಜನರಿಗೆ ಸರಿ. ಸಾವಿರ ಜನ ಕಾಯುತ್ತಿರುವಾಗ ಹೋಸ್ಟ್ ಎಲ್ಲರನ್ನೂ ಬಿಡು ಎಂಬ ಗುಂಡಿ ಒತ್ತುತ್ತಾನೆ, ಒತ್ತದೆ ಬೇರೆ ದಾರಿಯೂ ಅವನಿಗಿಲ್ಲ. ಸಾವಿರಾರು ಜನರಿಗೆ ಸಾಮಾನ್ಯ ಮೀಟಿಂಗ್ ಬಿಟ್ಟು ಟೌನ್‌ಹಾಲ್ ಅಥವಾ ವೆಬಿನಾರ್ ಸ್ವರೂಪವನ್ನೇ ಆರಿಸಿಕೊಂಡರೆ ಮಾತನಾಡುವವರು ಮತ್ತು ಕೇಳುವವರು ಬೇರೆಯಾಗುತ್ತಾರೆ. ಆಯೋಜಕರು ಬಿಡದೆ ಕೇಳುವವರ ಮೈಕ್, ಕ್ಯಾಮೆರಾ, ಸ್ಕ್ರೀನ್ ಶೇರ್ ತೆರೆಯುವುದಿಲ್ಲ. ಟೀಮ್ಸ್‌ನ ಟೌನ್‌ಹಾಲ್ ಸಾವಿರಾರು ವೀಕ್ಷಕರಿಗೆ ಹೀಗೆ ನಡೆಯಬಲ್ಲದು.

ಮುಂಬಾಗಿಲು ಭದ್ರಪಡಿಸಿ ಹಿತ್ತಿಲ ಬಾಗಿಲು ಮರೆತ ಉದಾಹರಣೆಗಳೂ ಬೇಕಾದಷ್ಟಿವೆ. ಫೋನ್ ಸಂಖ್ಯೆಗೆ ಕರೆ ಮಾಡಿ ಸೇರುವ ಡಯಲ್-ಇನ್ ಸೌಲಭ್ಯಕ್ಕೆ ಲಾಗಿನ್ ಎಂಬುದೇ ತಿಳಿಯದು. ದೃಢೀಕೃತ ಸಭೆಗೆ ಅದನ್ನು ಮುಚ್ಚಲೇಬೇಕು. ಅಸುರಕ್ಷಿತ ಸಂಪರ್ಕ ಇನ್ನೊಂದು ಹಿತ್ತಿಲ ಬಾಗಿಲು. 2024ರ ಫೆಬ್ರುವರಿಯಲ್ಲಿ ಜರ್ಮನಿಯ ವಾಯುಪಡೆಯ ಹಿರಿಯ ಅಧಿಕಾರಿಗಳು ಟಾರಸ್ ಕ್ಷಿಪಣಿಗಳ ಬಗ್ಗೆ ವೆಬೆಕ್ಸ್‌ನಲ್ಲಿ ನಡೆಸಿದ ಮಾತುಕತೆ ರಷ್ಯಾದ ಕೈಸೇರಿ, ಮಾರ್ಚ್ 1ರಂದು ಬಹಿರಂಗವಾಯಿತು. ಅಧಿಕಾರಿಯೊಬ್ಬರು ಸಿಂಗಪುರದ ಹೋಟೆಲಿನಿಂದ ಅಸುರಕ್ಷಿತ ಸಂಪರ್ಕದಲ್ಲಿ ಸೇರಿದ್ದರು ಎಂದು ರಕ್ಷಣಾ ಸಚಿವ ಬೋರಿಸ್ ಪಿಸ್ಟೋರಿಯಸ್ ತಿಳಿಸಿದರು. ಸಭೆಯ ಧ್ವನಿಮುದ್ರಣವೂ ಅಷ್ಟೇ. ಸಭೆಗೆ ಲಾಗಿನ್ ಕೇಳಿ, ಮುದ್ರಿಕೆಯನ್ನು ಮಾತ್ರ ಲಿಂಕ್ ಇದ್ದವರೆಲ್ಲ ನೋಡುವಂತೆ ಇಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಈಚೆಗೆ ಟಿಪ್ಪಣಿ ಬರೆಯುವ ಎಐ ಬಾಟ್‌ಗಳು ನೌಕರರ ಕ್ಯಾಲೆಂಡರ್ ನೋಡಿ ತಾವಾಗಿಯೇ ಸಭೆಗೆ ಬರುತ್ತವೆ. ಅವುಗಳ ಪ್ರತಿಲಿಪಿ ಕಂಪನಿಯ ಹೊರಗಿನ ಸರ್ವರಿನಲ್ಲಿ ಉಳಿಯುತ್ತದೆ. ಡೈರೆಕ್ಟರಿಯ ಲಾಗಿನ್ ಕಡ್ಡಾಯವಾದರೆ ಹಾಗೆ ಬರುವ ಬಾಟ್‌ಗಳು ಬಾಗಿಲಲ್ಲೇ ನಿಲ್ಲುತ್ತವೆ.

ಇಷ್ಟೆಲ್ಲ ಬಿಗಿ ಮಾಡುವಾಗ ನ್ಯಾಯವಾಗಿ ಒಳಗಿರಬೇಕಾದವರೇ ಹೊರಗುಳಿಯುವ ಅಪಾಯವಿದೆ. ಅದನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಹೀಗೆ ಹೊರಗುಳಿಯುವವರು ಸಾಮಾನ್ಯವಾಗಿ ಕಂಪನಿಯಲ್ಲಿ ದನಿ ಕಡಿಮೆ ಇರುವವರು. ಪೀಣ್ಯ, ಬೊಮ್ಮಸಂದ್ರಗಳ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್ ಘಟಕಗಳಲ್ಲಿ, ಗೋದಾಮುಗಳಲ್ಲಿ ದುಡಿಯುವ ಬಹಳಷ್ಟು ಜನರಿಗೆ ಕಂಪನಿಯ ಇಮೇಲೇ ಇರುವುದಿಲ್ಲ. ಅವರಿಗೆ ನೌಕರ ಸಂಖ್ಯೆ ಮತ್ತು ಮೊಬೈಲ್ ಒಟಿಪಿಯಿಂದ ಲಾಗಿನ್ ಆಗುವ ಸರಳ ಖಾತೆ ಕೊಡಬಹುದು, ಅಥವಾ ಬ್ಯಾಡ್ಜ್ ತೋರಿಸಿ ಬರುವ ಕ್ಯಾಂಟೀನಿನಲ್ಲಿ ದೊಡ್ಡ ತೆರೆ ಹಾಕಿ ಒಟ್ಟಿಗೆ ತೋರಿಸಬಹುದು. ಯಾವ ದಾರಿ ಹಿಡಿದರೂ ಲಾಗಿನ್ ಸೂಚನೆ, ಪ್ರಶ್ನೆ ಕೇಳುವ ಬಗೆ ಎಲ್ಲವೂ ಕನ್ನಡದಲ್ಲಿರಬೇಕು. ಕೆಲಸಗಾರನಿಗೆ ಓದಲಾಗದ ಭಾಷೆಯಲ್ಲಿ ಬಂದ ಸೂಚನೆ ಅವನನ್ನು ಬಾಗಿಲಾಚೆ ನಿಲ್ಲಿಸಿದಂತೆಯೇ.

ಹೆರಿಗೆ ರಜೆಯಲ್ಲಿರುವ ನೌಕರರ ಖಾತೆಯನ್ನು ಕೆಲವೆಡೆ ತಾತ್ಕಾಲಿಕವಾಗಿ ಮುಚ್ಚುತ್ತಾರೆ. 26 ವಾರಗಳವರೆಗಿನ ಆ ಅವಧಿಯಲ್ಲಿ ಅವರು ನೌಕರರಾಗಿಯೇ ಇರುತ್ತಾರೆ, ಬರಬೇಕೆಂದರೆ ಬರುವ ಹಕ್ಕು ಅವರಿಗಿರಬೇಕು. ಕ್ಲೈಂಟ್ ಜಾಗದಲ್ಲಿ ಕೂತವರಿಗೆ ಸ್ವಂತ ಫೋನಿನಿಂದ ಲಾಗಿನ್ ಆಗುವ ದಾರಿ ಬೇಕು, ಇಲ್ಲದಿದ್ದರೆ ಲಿಂಕ್ ಮತ್ತೆ ಜಿಮೇಲ್ ಹಿಡಿಯುತ್ತದೆ. ಈಗಷ್ಟೇ ಕೊಂಡ ಕಂಪನಿಯ ಸಿಬ್ಬಂದಿ ಇನ್ನೂ ಹಳೆಯ ಡೊಮೇನಿನಲ್ಲೇ ಇರುತ್ತಾರೆ, ಅವರ ಡೊಮೇನನ್ನು ಸಭೆಗೆ ಮುಂಚೆ ಸೇರಿಸಿರಬೇಕು. ಸಂಜ್ಞಾಭಾಷೆಯ ದುಭಾಷಿಗಳು, ಶೀರ್ಷಿಕೆ ಬರೆಯುವವರು, ಆಹ್ವಾನಿತ ಭಾಷಣಕಾರರು ಹೊರಗಿನವರೇ ಆದರೂ ಸಭೆಗೆ ಬೇಕಾದವರು. ಅವರಿಗೆ ಹೆಸರು ಹಿಡಿದು, ಆ ಸಭೆಗಷ್ಟೇ ಸಲ್ಲುವ, ಮುಗಿದೊಡನೆ ಮುಚ್ಚುವ ಆಹ್ವಾನ ಹೋಗಬೇಕು. ಕಿವುಡ ನೌಕರನಿಗೆ ದುಭಾಷಿ ಸಿಗದಂತೆ ಮಾಡುವ ಭದ್ರತೆಯನ್ನು ಭದ್ರತೆ ಎನ್ನಲಾಗದು.

ನಿಯಮ ಮುರಿಯುವುದು ಹೆಚ್ಚಾಗಿ ಸಭೆ ಆರಂಭವಾದ ಮೊದಲ ಐದು ನಿಮಿಷಗಳಲ್ಲಿ. ಯಾರಿಗೋ ಲಾಗಿನ್ ಆಗುವುದಿಲ್ಲ, ಮೇಲಧಿಕಾರಿ ಸಿಡಿಮಿಡಿಗೊಳ್ಳುತ್ತಾರೆ, ಆಡಳಿತಗಾರ ಎಲ್ಲರಿಗೂ ತೆರೆದುಬಿಡುತ್ತಾನೆ. ಒಮ್ಮೆ ತೆರೆದದ್ದು ಮುಂದಿನ ಸಭೆಗೂ ಹಾಗೆಯೇ ಉಳಿಯುತ್ತದೆ. ಇದನ್ನು ತಪ್ಪಿಸಲು ಎರಡು ದಿನ ಮೊದಲೇ ಎಲ್ಲರೂ ಲಾಗಿನ್ ಪರೀಕ್ಷಿಸಿಕೊಳ್ಳುವ ಪುಟ ಇರಬೇಕು, ಸಭೆಯ ಹೊತ್ತಿಗೆ ಸಹಾಯಕ್ಕೆ ಜನರಿರಬೇಕು, ತಪ್ಪಿಸಿಕೊಂಡವರು ಲಾಗಿನ್ ಆಗಿ ನೋಡಲು ಮುದ್ರಿಕೆ ಅದೇ ದಿನ ಸಿಗಬೇಕು. ಸೆಟ್ಟಿಂಗ್ ಬದಲಿಸುವ ಅಧಿಕಾರ ಸಭೆಯ ಮಧ್ಯೆ ಒಬ್ಬರ ಕೈಯಲ್ಲಿರಬಾರದು. ಇಬ್ಬರು ಒಪ್ಪಿದರೆ ಮಾತ್ರ ಬದಲಾಗುವಂತಿರಲಿ.

ದೃಢೀಕರಣಕ್ಕೆ ತನ್ನದೇ ಮಿತಿಗಳಿವೆ. ಒಳಗಿನ ನೌಕರನೇ ಫೋನಿನಲ್ಲಿ ಮುದ್ರಿಸಿಕೊಂಡರೆ ಅದು ತಡೆಯಲಾರದು. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್.ಕಾಮ್ ಕಂಪನಿ ಝೂಮ್ ಕರೆಯಲ್ಲಿ ಸುಮಾರು 900 ಜನರನ್ನು ಕೆಲಸದಿಂದ ತೆಗೆದ ದೃಶ್ಯ ಜಗತ್ತಿಗೆಲ್ಲ ತಲುಪಿತು. ಆ ಸಭೆಯಲ್ಲಿದ್ದವರು ನೌಕರರೇ. ಅಂಥ ಸೋರಿಕೆಗೆ ಮೂಲ ಮಾತಾಡಿದವರ ನಡವಳಿಕೆಯಲ್ಲಿತ್ತು, ಅದಕ್ಕೆ ತಂತ್ರಜ್ಞಾನದಲ್ಲಿ ಮದ್ದಿಲ್ಲ. ಮುಖ ಕಂಡರೆ ಸಾಕು ಎಂಬ ಧೈರ್ಯವೂ ಹೋಗಿದೆ: ಬ್ರಿಟನ್ ಮೂಲದ ಎಂಜಿನಿಯರಿಂಗ್ ಸಂಸ್ಥೆ ಅರೂಪ್‌ನ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೋ ಕರೆಯಲ್ಲಿ ಕಂಡ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ನಂಬಿ 15 ಕಂತುಗಳಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿದ್ದು 2024ರಲ್ಲಿ ಬೆಳಕಿಗೆ ಬಂತು. ಆ ಮುಖಗಳೆಲ್ಲ ಡೀಪ್‌ಫೇಕ್. ನೌಕರನೆಂದು ದಾಖಲಾದವನೇ ಸುಳ್ಳುಗಾರನಾಗಿರಬಹುದು ಎಂಬುದನ್ನೂ ಅದೇ ವರ್ಷದ ಜುಲೈನಲ್ಲಿ ಭದ್ರತಾ ತರಬೇತಿ ಕಂಪನಿ ನೋಬಿಫೋರ್ ಬಹಿರಂಗವಾಗಿ ಒಪ್ಪಿಕೊಂಡಿತು. ಅದು ನೇಮಿಸಿಕೊಂಡಿದ್ದ ಎಂಜಿನಿಯರ್ ಕದ್ದ ಗುರುತಿನಲ್ಲಿ ಬಂದ ಉತ್ತರ ಕೊರಿಯಾದವನಾಗಿದ್ದ. ಸಭೆಯ ಬಾಗಿಲು ನೇಮಕಾತಿಯ ಪರಿಶೀಲನೆಯಷ್ಟೇ ಗಟ್ಟಿ, ಅದಕ್ಕಿಂತ ಗಟ್ಟಿಯಲ್ಲ.

ಹೆಸರು ಹಿಡಿದು ಹಾಜರಿ ಗೊತ್ತಾಗುವ ವ್ಯವಸ್ಥೆಯನ್ನು ನೌಕರರ ಮೇಲೆ ಕಣ್ಣಿಡಲು ಬಳಸುವ ಆಸೆ ಆಡಳಿತಕ್ಕೆ ಹುಟ್ಟುತ್ತದೆ. ಯಾರು ಎಷ್ಟು ಹೊತ್ತು ಇದ್ದರು, ಯಾರು ಮಧ್ಯೆ ಎದ್ದುಹೋದರು ಎಂದು ಮೌಲ್ಯಮಾಪನದಲ್ಲಿ ಬರೆಯತೊಡಗಿದರೆ ಟೌನ್‌ಹಾಲ್ ಸತ್ತಂತೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಗಳಿಗೆ, ಗೋಪ್ಯತೆ ಕಾಪಾಡುವುದಕ್ಕೆ, ನೌಕರರ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಆ ಅವಕಾಶವನ್ನು ಬಾಗಿಲಿನವರೆಗೆ ಮಾತ್ರ ಒಯ್ಯಬೇಕು. ಒಳಬಂದ ಮೇಲೆ ಹೆಸರಿಲ್ಲದೆ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಉಳಿಯಬೇಕು. ಬಂದವರೆಲ್ಲ ನೌಕರರೇ ಎಂದು ಖಾತ್ರಿಯಾಗಿರುವುದರಿಂದಲೇ ಅನಾಮಧೇಯ ಪ್ರಶ್ನೆಗೆ ಮುಕ್ತವಾಗಿ ಉತ್ತರ ಕೊಡಲು ಸಾಧ್ಯ. ದಾಖಲೆಯನ್ನು ಕಾನೂನು ಕೇಳುವಷ್ಟು ಕಾಲ ಇಟ್ಟು ಅಳಿಸಬೇಕು, ಮತ್ತು ಇದನ್ನೆಲ್ಲ ನೌಕರರಿಗೆ ಮೊದಲೇ ಬರೆದು ತಿಳಿಸಿರಬೇಕು.

ಮುಂದಿನ ಟೌನ್‌ಹಾಲ್‌ನ ಆಹ್ವಾನ ಹೊರಡುವ ಮುನ್ನ ಹಿಂದಿನದರ ಹಾಜರಿ ವರದಿಯನ್ನು ದಯವಿಟ್ಟು ತೆರೆದು ನೋಡಿ. ಲಾಗಿನ್ ಇಲ್ಲದೆ ಬಂದ ಹೆಸರುಗಳನ್ನು ಸಿಬ್ಬಂದಿ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿ, ಮರೆತುಹೋದ ಅತಿಥಿ ಖಾತೆಗಳನ್ನು ತೆಗೆದುಹಾಕಿ, ಡಯಲ್-ಇನ್ ಮತ್ತು ಅನಾಮಧೇಯ ಪ್ರವೇಶವನ್ನು ಮುಚ್ಚಿ. ಅದೇ ದಿನ ಕಾರ್ಖಾನೆಯವರಿಗೆ, ರಜೆಯಲ್ಲಿರುವವರಿಗೆ, ಗುತ್ತಿಗೆಯವರಿಗೆ, ದುಭಾಷಿಗಳಿಗೆ ಒಳಬರುವ ದಾರಿಯನ್ನೂ ಸಿದ್ಧಮಾಡಿಡಿ.